ಹಳೇ ಗೇಮಿಂಗ್ ಪಿಸಿಯನ್ನ ಸರ್ವರ್ ಮಾಡಿದರೆ ಬಿಲ್ ಎಷ್ಟು ಏರುತ್ತದೆ?

ಶಿರಾಗೇಟ್ ಹುಡುಗ, ತುಮಕೂರು
ರೈಜನ್ 7 3700ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 3070 ಗ್ರಾಫಿಕ್ಸ್ ಕಾರ್ಡ್, ಎರಡು ದೊಡ್ಡ ಹಾರ್ಡ್ ಡಿಸ್ಕ್ ಇರುವ ಪಿಸಿ ಸುಮ್ನೆ ಬಿದ್ದಿದೆ. ಲಿನಕ್ಸ್ ಹಾಕಿ ಹಗಲೂ ರಾತ್ರಿ ಓಡುವ ಸರ್ವರ್ ಮಾಡಿ, ಮನೆಯವರ ಫೋಟೋ ಇಮ್ಮಿಚ್‌ಗೆ (ಫೋಟೋ ಕೂಡಿಡುವ ಸಾಫ್ಟ್‌ವೇರ್), ಸಿನಿಮಾ ಜೆಲ್ಲಿಫಿನ್‌ಗೆ (ಸಿನಿಮಾವನ್ನು ಟಿವಿಗೆ ಕಳಿಸುವ ಸಾಫ್ಟ್‌ವೇರ್) ಅಂತ ಆಸೆ. ವ್ಯಾಟ್ ಮೀಟರ್ ಹಾಕಿ ನೋಡಿದೆ, ಕೆಲಸವಿಲ್ಲದೆ ಕೂತಿದ್ದಾಗಲೇ 90 ವ್ಯಾಟ್. ಮನೆ ಬಳಕೆ ತಿಂಗಳಿಗೆ 145 ಯೂನಿಟ್ ಆಸುಪಾಸು, ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್. ಅಪ್ಪ ಈಗಲೇ ಗೊಣಗುತ್ತಿದ್ದಾರೆ. ಒಂದು ಪಿಸಿಗೆ ಅಷ್ಟೇನು ಬಂದೀತು, ಅಲ್ವಾ?

ಕ್ಯಾತ್ಸಂದ್ರ ಸರ್ವರ್
ನಾನು ಅಪ್ಪನ ಪಾರ್ಟಿ. 90 ವ್ಯಾಟ್ ದಿನವಿಡೀ ಓಡಿದರೆ ತಿಂಗಳಿಗೆ 65 ಯೂನಿಟ್. ಯೂನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೆ 390, ಅಷ್ಟೇನಾ ಅನ್ನಿಸುತ್ತದೆ. ಆದರೆ 145ಕ್ಕೆ 65 ಸೇರಿದರೆ 210. 200 ದಾಟಿದ ತಿಂಗಳು ಗೃಹಜ್ಯೋತಿ ಸಿಗಲ್ಲ, ಪೂರ್ತಿ 210ಕ್ಕೂ ಕಟ್ಟಬೇಕು. 1,260 ಆಯ್ತು, ನಿಗದಿತ ಶುಲ್ಕ ಬೇರೆ. 200ರ ಒಳಗಿದ್ದರೂ ನಿಮ್ಮ ಮನೆಗೆ ಕೊಟ್ಟ ಮಿತಿ ದಾಟಿದಷ್ಟಕ್ಕೆ ದುಡ್ಡು ಕೊಡಲೇಬೇಕು. ಅದು 2022-23ರ ಸರಾಸರಿ ಮೇಲೆ ಹಾಕಿದ ಲೆಕ್ಕ, ಬಿಲ್ ತೆಗೆದು ನೋಡಿ. (ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರುವ ಜಿಲ್ಲೆ ನಮ್ಮದು. ಮೀಟರ್‌ಗೆ ಅದೆಲ್ಲ ಗೊತ್ತಾಗಲ್ಲ!)

ಮೊದಲು ಗ್ರಾಫಿಕ್ಸ್ ಕಾರ್ಡ್ ತೆಗೆದಿಡಿ. ಟಿವಿಯೇ ಫೈಲನ್ನು ನೇರವಾಗಿ ಓಡಿಸುವಂತಿದ್ದರೆ ಜೆಲ್ಲಿಫಿನ್‌ಗೆ ಅದು ಬೇಡ. 3700ಎಕ್ಸ್‌ನಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ತೆಗೆದರೆ ಸ್ಕ್ರೀನ್‌ನಲ್ಲಿ ಏನೂ ಬರಲ್ಲ. ಹಾಗಾಗಿ ಕಾರ್ಡ್ ಇರುವಾಗಲೇ ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರ್‌ನಿಂದ ಇದನ್ನು ನಡೆಸುವ ದಾರಿ) ಸರಿ ಮಾಡಿಕೊಳ್ಳಿ, ಕಾರ್ಡ್ ಇಲ್ಲದೆ ಬೋರ್ಡ್ ಬೂಟ್ ಆಗುತ್ತದಾ ನೋಡಿ. ಕೆಲವು ಬೋರ್ಡ್ ಹಟ ಮಾಡುತ್ತವೆ. ಡಿಸ್ಕ್ ಸುತ್ತುತ್ತಿದ್ದರೆ ಒಂದೊಂದಕ್ಕೂ 5 ವ್ಯಾಟ್ ಹತ್ತಿರ, ಅದನ್ನೂ ಮಲಗಿಸಿ.

ಗುಬ್ಬಿ ಕಡೆಯವ
ಕರೆಂಟ್ ಹೋದಾಗ ಏನ್ ಮಾಡ್ತೀರಾ ಸಾರ್? 90 ವ್ಯಾಟ್‌ನಲ್ಲಿ ಇನ್ವರ್ಟರ್ ಮೇಲೆ ಕರೆಂಟ್ ಕಡಿಮೆ ತಿನ್ನುವ ಮೂರು ಬಿಎಲ್‌ಡಿಸಿ ಫ್ಯಾನ್ ತಿರುಗುತ್ತವೆ. ನಾನು ಬೆಂಗಳೂರು ಎಸ್‌ಪಿ ರೋಡ್‌ನಿಂದ ಸೆಕೆಂಡ್ ಹ್ಯಾಂಡ್ ಆಫೀಸ್ ಮಿನಿ ಪಿಸಿ ತಂದೆ. 12 ವ್ಯಾಟ್, ತಿಂಗಳಿಗೆ 9 ಯೂನಿಟ್ ಒಳಗೆ. ನಿಮ್ಮ ದೊಡ್ಡ ಡಿಸ್ಕ್ ಮಾತ್ರ ಅದರೊಳಗೆ ಹಿಡಿಸಲ್ಲ, ಹೊರಗಡೆ ಡಾಕ್ (ಡಿಸ್ಕ್ ಸಿಕ್ಕಿಸುವ ಪೆಟ್ಟಿಗೆ) ಬೇಕು.

ಶಿರಾಗೇಟ್ ಹುಡುಗ
ಕಾರ್ಡ್ ತೆಗೆದೆ, ಬೂಟ್ ಆಯ್ತು! ಈಗ 64 ವ್ಯಾಟ್, ಅಂದರೆ 46 ಯೂನಿಟ್. ಮನೆಯದು ಸೇರಿ 191. ಬೇಸಿಗೆಯಲ್ಲಿ ಕೂಲರ್ ಹಾಕಿದರೆ 200 ದಾಟೋದು ಗ್ಯಾರಂಟಿ. ಅದಕ್ಕೇ ರಾತ್ರಿ 11ಕ್ಕೆ ಆಫ್ ಆಗುವ ಹಾಗೆ ಲಿನಕ್ಸ್‌ನಲ್ಲಿ, ಬೆಳಿಗ್ಗೆ 6ಕ್ಕೆ ತಾನೇ ಆನ್ ಆಗುವ ಹಾಗೆ ಬಯೋಸ್‌ನಲ್ಲಿ (ಬೋರ್ಡ್‌ನದೇ ಸೆಟ್ಟಿಂಗ್) ಟೈಮ್ ಹಾಕಿದ್ದೇನೆ. ಮಿನಿ ಪಿಸಿ ಬೋನಸ್ ಬಂದ ಮೇಲೆ. ಗುಬ್ಬಿಯವರೇ, ಎಸ್‌ಪಿ ರೋಡ್‌ನಲ್ಲಿ ಅಡಾಪ್ಟರ್ ಜೊತೆಗೇ ಕೊಡ್ತಾರಾ, ಬೇರೆ ದುಡ್ಡಾ?