ಓ ಅಂಡ್ ಎಂ ಮ್ಯಾನ್ಯುಯಲ್‌ಗೆ ಕನ್ನಡದಲ್ಲಿ ಏನನ್ನೋಣ? (ಸ್ವಲ್ಪ ಅರ್ಜೆಂಟ್)

ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ವಸಂತನರಸಾಪುರದ ಒಂದು ಸಣ್ಣ ಕಂಪನಿಗೆ ಮೆಷಿನ್‌ಗಳ ಓ ಅಂಡ್ ಎಂ (ಆಪರೇಷನ್ ಅಂಡ್ ಮೆಂಟೆನೆನ್ಸ್, ಅಂದ್ರೆ ನಡೆಸೋದು, ನೋಡಿಕೊಳ್ಳೋದು) ಮ್ಯಾನ್ಯುಯಲ್ ಬರೆದುಕೊಡುತ್ತಿದ್ದೇನೆ. ತಿಪಟೂರು ಕಡೆಯ ತೆಂಗಿನಪುಡಿ ಕಾರ್ಖಾನೆಗಳಿಗೆ ಹೋಗುವ ಪುಡಿ ಮಾಡುವ ಮೆಷಿನ್ ಮತ್ತು ಸ್ಟೀಮ್ ಡ್ರೈಯರ್. ಇಂಗ್ಲಿಷ್ ಪುಸ್ತಕ ಆಫೀಸಿನ ಬೀರು ಸೇರುತ್ತೆ, ಮೆಷಿನ್ ಮುಂದೆ ನಿಲ್ಲುವವರ ಕೈಗೆ ಬರೋದೇ ಇಲ್ಲ. ಅದಕ್ಕೇ ಕನ್ನಡದ್ದು. ಸೋಮವಾರ ಪ್ರೆಸ್ಸಿಗೆ ಕೊಡಬೇಕು.

ಮುಖಪುಟಕ್ಕೆ "ಕಾರ್ಯಾಚರಣೆ ಮತ್ತು ನಿರ್ವಹಣಾ ಕೈಪಿಡಿ" ಸಾಕಾ? ಲಾಕೌಟ್-ಟ್ಯಾಗೌಟ್‌ಗೆ (ರಿಪೇರಿ ಮಾಡುವಾಗ ಯಾರೂ ಮೆಷಿನ್ ಓಡಿಸದಂತೆ ಸ್ವಿಚ್‌ಗೆ ಬೀಗ ಹಾಕಿ ಟ್ಯಾಗ್ ಕಟ್ಟೋದು) ಏನು ಬರೆಯಲಿ? ಡೇಂಜರ್, ವಾರ್ನಿಂಗ್, ಕಾಷನ್ ಮೂರಕ್ಕೂ ಬೇರೆ ಬೇರೆ ಪದ ಬೇಕು. ಒಂದರ ಬದಲು ಇನ್ನೊಂದು ಹಾಕುವಂತಿಲ್ಲ.

ಗೌರಿಬಿದನೂರಿನಿಂದ:

ಕಾರ್ಯಾಚರಣೆ ಬೇಡ. ಪೇಪರಿನಲ್ಲಿ ಕಾಡಾನೆ ಹಿಡಿಯುವವರು ಮಾಡುವುದು ಕಾರ್ಯಾಚರಣೆ. ನಿರ್ವಹಣೆ ಇನ್ನೂ ಕೆಟ್ಟದ್ದು. ಮ್ಯಾನೇಜ್‌ಮೆಂಟೂ ಅದೇ, ಮೆಂಟೆನೆನ್ಸೂ ಅದೇ. ಕಾಪಾಡುವುದಕ್ಕೆ ಕನ್ನಡದ್ದೇ ಆದ "ಪೊರೆ" ಇದೆ. "ನಡೆಸುಗೆ-ಪೊರೆಗೆ ಕೈಪಿಡಿ" ಎನ್ನಿ. ನಿಮ್ಮ ಹೆಸರಿನಲ್ಲಿ ಕೈಪಿಡಿ ಒಂದೇ ಸರಿಯಾಗಿದೆ. ಪಿಡಿ ಎಲ್ಲ ಕಡೆ ಹಿಡಿ ಆದರೂ ಈ ಪದದಲ್ಲಿ ಹಳಗನ್ನಡದ ಪಕಾರ ಹಾಗೇ ನಿಂತಿದೆ. ಇಂಥವನ್ನು ಉಳಿಸಿಕೊಳ್ಳಬೇಕು.

ಶಿರಾದಿಂದ:

ಪೊರೆ ಅಂದ್ರೆ ಹಾವಿನದಾ, ಕಣ್ಣಿನದಾ? ಬೆಸ್ಕಾಂನವರು "ಕಾರ್ಯ ಮತ್ತು ಪಾಲನೆ" ಅಂತ ಬೋರ್ಡು ಹಾಕಿಕೊಂಡಿದ್ದಾರೆ, ಅದು ಓ ಅಂಡ್ ಎಂ ಅಂತಲೇ. ಎತ್ತಿಕೊಳ್ಳಿ. ಪಾಲನೆ ನಮ್ಮದೇ ಪದ, ಪಾಲು ಇಲ್ವಾ?

ಗೌರಿಬಿದನೂರಿನಿಂದ:

ಪಾಲು ಬೇರೆ, ಪಾಲನೆ ಬೇರೆ. ಎರಡನೆಯದು ಸಂಸ್ಕೃತ. ನಿಘಂಟು ನೋಡಿ ಬರೆಯಿರಿ.

ಮಾಲೂರಿನಿಂದ:

ಸ್ವಾಮಿ, ಮುಖಪುಟ ಆಮೇಲೆ ನೋಡೋಣ. ನಾನು ಮೆಂಟೆನೆನ್ಸ್‌ನವನು. ಮುಖಪುಟ ಓದಿ ಯಾರೂ ಬೆರಳು ಉಳಿಸಿಕೊಂಡಿಲ್ಲ.

ಮೊದಲು ಲಾಕೌಟ್. ನಮ್ಮ ಕಡೆ ಲಾಕೌಟ್ ಅಂದ್ರೆ ಮಾಲೀಕ ಕಾರ್ಖಾನೆ ಮುಚ್ಚಿದ ಅಂತಲೇ ಅರ್ಥ. ಅದನ್ನು ಹಾಗೇ ಬರೆದರೆ ಕೆಲಸ ಹೋಯ್ತು ಅಂದುಕೊಳ್ಳುತ್ತಾರೆ. "ಬೀಗ ಹಾಕಿ, ಚೀಟಿ ಕಟ್ಟಿ" ಅಂತ ಬರೆಯಿರಿ. ಹೆಸರಿಗಿಂತ ಮಾಡಬೇಕಾದ ಕೆಲಸ ಹೇಳಿದರೆ ಒಳ್ಳೇದು. ಮೈನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲೇ ಇರಲಿ, ಚೀಟಿಯಲ್ಲಿ ಹೆಸರು ಬರೆಯಿರಿ, ಸ್ಟಾರ್ಟ್ ಬಟನ್ ಒತ್ತಿ ಓಡಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಈ ಕೊನೆಯದನ್ನು ಬಹಳ ಜನ ಬಿಡುತ್ತಾರೆ. ಡ್ರೈಯರ್‌ಗೆ ಸ್ಟೀಮ್ ವಾಲ್ವ್‌ಗೂ ಬೀಗ ಬೇಕು. ಕರೆಂಟ್ ತೆಗೆದ ಮಾತ್ರಕ್ಕೆ ಸ್ಟೀಮ್ ನಿಲ್ಲಲ್ಲ.

ಇನ್ನು ಆ ಮೂರು ಪದ. ಎಚ್ಚರಿಕೆ ಬೋರ್ಡುಗಳಿಗೆ ಅಮೆರಿಕದಲ್ಲಿರುವ ಮಾನದಂಡ ಆನ್ಸಿ ಝಡ್535 ಪ್ರಕಾರ ಕೆಂಪು ಡೇಂಜರ್: ತಪ್ಪಿದರೆ ಸಾವು ಅಥವಾ ದೊಡ್ಡ ಗಾಯ ಆಗೇ ಆಗುತ್ತೆ. ಕಿತ್ತಳೆ ವಾರ್ನಿಂಗ್: ಅದೇ, ಆದರೆ ಆಗಬಹುದು. ಹಳದಿ ಕಾಷನ್: ಸಣ್ಣ ಅಥವಾ ಮಧ್ಯಮ ಗಾಯ ಆಗಬಹುದು. ಕೆಂಪಿಗೆ "ಅಪಾಯ". ಟ್ರಾನ್ಸ್‌ಫಾರ್ಮರ್ ಮೇಲೆ ಬುರುಡೆ ಜೊತೆ ನೋಡಿ ನೋಡಿ ಎಲ್ಲರಿಗೂ ಗೊತ್ತು. ಕಿತ್ತಳೆಗೆ "ಎಚ್ಚರಿಕೆ". ಹಳದಿಗೆ "ಜಾಗ್ರತೆ" ಹಾಕಬೇಡಿ. ನಮ್ಮಲ್ಲಿ ಹಿರಿಯರು "ಜಾಗ್ರತೆ ಬಾ" ಅಂದ್ರೆ ಬೇಗ ಬಾ ಅಂತ. ಬ್ಲೇಡ್ ಪಕ್ಕ ಆ ಬೋರ್ಡ್ ಬೇಕಾ? "ಗಮನಿಸಿ" ಅಂದ್ರೂ ತೀರಾ ಮೆತ್ತಗಾಗುತ್ತೆ. "ಹುಷಾರು" ಹಾಕಿ.

ಪದ ಎಲ್ಲಿಂದ ಬಂತು ಅನ್ನೋದಕ್ಕಿಂತ ಅದನ್ನು ಎಲ್ಲಿ ಹಾಕಿದ್ದೀರಿ ಅನ್ನೋದು ಮುಖ್ಯ. "ಗಾರ್ಡ್ ಬಿಚ್ಚಿ" ಅಂತ ಬರೆದು, ಕೆಳಗಿನ ಸಾಲಿನಲ್ಲಿ "ಅದಕ್ಕೂ ಮುನ್ನ ಕರೆಂಟ್ ತೆಗೆದಿರಬೇಕು" ಅಂದ್ರೆ ಏನು ಪ್ರಯೋಜನ? ಎಚ್ಚರಿಕೆ ಮೊದಲು, ಕೆಲಸ ಆಮೇಲೆ. ಒಂದು ಪಾರ್ಟ್‌ಗೆ ಒಂದೇ ಹೆಸರು. ಒಂದು ಪುಟದಲ್ಲಿ ಗಾರ್ಡ್, ಇನ್ನೊಂದರಲ್ಲಿ ರಕ್ಷಾಕವಚ, ಚಿತ್ರದಲ್ಲಿ ಕವರ್ ಅಂತ ಇದ್ದರೆ ಹೊಸ ಹುಡುಗ ಮೂರು ಪಾರ್ಟ್ ಹುಡುಕುತ್ತಾನೆ. "ಆಗಾಗ ಗ್ರೀಸ್ ಹಾಕಿ" ಅಂತೂ ಬರೆಯಲೇಬೇಡಿ. ಯಾವ ಗ್ರೀಸ್, ಎಷ್ಟು ಗ್ರಾಂ, ಎಷ್ಟು ಗಂಟೆ ಓಡಿದ ಮೇಲೆ, ಅದು ಬೇಕು. ಜಾಸ್ತಿ ತುಂಬಿದರೂ ಬೇರಿಂಗ್ ಬಿಸಿಯಾಗುತ್ತೆ.

ಗೌರಿಬಿದನೂರಿನಿಂದ:

ಹುಷಾರು ಪಾರಸಿ. ಚೀಟಿಯೂ ಕನ್ನಡವಲ್ಲ. "ಓಲೆ" ಎನ್ನಿ.

ಶಿರಾದಿಂದ:

ಮೆಷಿನ್ನಿಗೆ ಓಲೆ ಕಟ್ಟಿದರೆ ಯಾರದೋ ಮದುವೆಗೆ ಕರೆದಿದ್ದಾರೆ ಅಂದುಕೊಳ್ಳುತ್ತಾರೆ. ಕಾರ್ಖಾನೆ ಪಾರಸಿ, ಚಾವಿ ಪೋರ್ಚುಗೀಸು, ಮೋಟಾರು ಇಂಗ್ಲಿಷು. ಎಲ್ಲ ಆಚೆ ಹಾಕಿ, ಉಳಿದಿದ್ದರಲ್ಲಿ ಒಂದು ಬೋಲ್ಟ್ ಬಿಚ್ಚಿ ತೋರಿಸಿ ನೋಡೋಣ.

ಗೌರಿಬಿದನೂರಿನಿಂದ:

ಬಂದು ಬೇರೂರಿದ ಪದದ ತಕರಾರಿಲ್ಲ. ಹೊಸದಾಗಿ ಪದ ಬೇಕಾದಾಗಲೂ ಸಾಲದ ಅಂಗಡಿಗೇ ಓಡುವ ಚಾಳಿ ಬಗ್ಗೆ ನನ್ನ ಮಾತು. ಪದ ಕಟ್ಟುವ ಶಕ್ತಿ ಬಳಸದಿದ್ದರೆ ತುಕ್ಕು ಹಿಡಿಯುತ್ತೆ.

ಚಿಂತಾಮಣಿಯಿಂದ:

ಇಬ್ಬರೂ ಸ್ವಲ್ಪ ನಿಲ್ಲಿಸ್ತೀರಾ? 1948ರ ಕಾರ್ಖಾನೆ ಕಾಯ್ದೆಯ 108ನೇ ಸೆಕ್ಷನ್‌ನಲ್ಲೇ, ನೋಟಿಸು ಇಂಗ್ಲಿಷ್ ಜೊತೆಗೆ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು ಅಂತಿತ್ತು. ತಿಳಿಯುವ ಭಾಷೆ, ಶುದ್ಧ ಭಾಷೆ ಅಲ್ಲ. ಬಿಹಾರ, ಒಡಿಶಾದಿಂದ ಬಂದವರೂ ಮೆಷಿನ್ ಓಡಿಸುತ್ತಾರೆ, ಅವರಿಗಾಗಿ ಚಿತ್ರಗಳನ್ನೂ ಹಾಕಿ.

ತುಮಕೂರಿನಿಂದ:

ಎಲ್ಲರಿಗೂ ಥ್ಯಾಂಕ್ಸ್. ಅಪಾಯ, ಎಚ್ಚರಿಕೆ, ಹುಷಾರು ಅಂತ ಇಟ್ಟೆ. ಬೀಗ-ಚೀಟಿ ಪುಟವನ್ನು ಮುಂದಕ್ಕೆ ತಂದು ಸ್ಟೀಮ್ ವಾಲ್ವ್ ಚಿತ್ರವನ್ನೂ ಸೇರಿಸಿದೆ. ಮುಖಪುಟಕ್ಕೆ "ಮೆಷಿನ್ ನಡೆಸುವ, ನೋಡಿಕೊಳ್ಳುವ ಕೈಪಿಡಿ". ಪಕಾರ ಉಳಿದಿದೆ ಸಾರ್. ಇನ್ನೊಂದೇ ಒಂದು: ಟ್ರಬಲ್‌ಶೂಟಿಂಗ್ ಟೇಬಲ್ಲಿಗೆ ತಲೆಬರಹ ಏನು ಕೊಡಲಿ?

ಮಾಲೂರಿನಿಂದ:

ತೊಂದರೆ, ಕಾರಣ, ಪರಿಹಾರ. ಮೂರು ಕಾಲಂ. ಸುಲಭವಾಗಿ ನೋಡಬಹುದಾದ ಕಾರಣ ಮೇಲೆ, ಮೆಷಿನ್ ಬಿಚ್ಚಿ ನೋಡಬೇಕಾದ್ದು ಕೆಳಗೆ.

ಗೌರಿಬಿದನೂರಿನಿಂದ:

ಮೂರರಲ್ಲಿ ಎರಡು ಸಂಸ್ಕೃತ.