ಅತ್ತಿಯ ಕಾಯಿಯೊಳಗೆ ಕಣಜ ಹೊಗುವುದೇಕೆ?

ಪ್ರಶ್ನೆ: ಅತ್ತಿಯ ಮರ ಹೂ ಬಿಟ್ಟದ್ದನ್ನು ಯಾರೂ ಕಾಣದಿದ್ದರೂ ಕಾಯಿ ಗೊಂಚಲುಗೊಂಚಲಾಗಿ ಕಟ್ಟುತ್ತದೆ, ಬಿಚ್ಚಿ ನೋಡಿದರೆ ಬರೀ ಹುಳು. ಇವುಗಳಿಂದ ಮರಕ್ಕೆ ಹಾನಿಯೇ, ಉಪಕಾರವೇ ಎಂಬುದನ್ನು ಬಲ್ಲವರು ತಿಳಿಸಬೇಕು.

ಉತ್ತರ 1: ತಾವು ಕಾಯಿ ಎನ್ನುತ್ತಿರುವುದು ವಾಸ್ತವವಾಗಿ ನೂರಾರು ಪುಟ್ಟ ಹೂಗಳನ್ನು ಒಳಗೇ ಅಡಗಿಸಿಕೊಂಡ ಹೂಗೊಂಚಲು. ಅದು ಸೂಸುವ ವಾಸನೆಯ ಜಾಡು ಹಿಡಿದು ಬರುವ ಹೆಣ್ಣು ಕಣಜ, ತುದಿಯ ಕಿರಿದಾದ ರಂಧ್ರದಲ್ಲಿ ನುಸುಳುವಾಗ ಸಾಮಾನ್ಯವಾಗಿ ರೆಕ್ಕೆಗಳನ್ನೇ ಕಳೆದುಕೊಳ್ಳುತ್ತದೆ. ತಾನು ತಂದ ಪರಾಗವನ್ನು ಹೂಗಳಿಗೆ ತಲುಪಿಸಿ, ಕೆಲವು ಹೂಗಳ ಅಂಡಾಶಯದಲ್ಲಿ ಮೊಟ್ಟೆಯಿಟ್ಟು, ಬಹುಮಟ್ಟಿಗೆ ಅಲ್ಲೇ ಸಾಯುತ್ತದೆ. ಮುಂದೆ ರೆಕ್ಕೆಯಿಲ್ಲದ ಗಂಡುಗಳು ಮೊದಲು ಹೊರಬಂದು, ಹೆಣ್ಣುಗಳೊಡನೆ ಕೂಡಿ, ಗೋಡೆ ಕೊರೆದು ದಾರಿ ಮಾಡಿಕೊಡುತ್ತವೆ. ಪರಾಗ ಹೊತ್ತ ಹೆಣ್ಣುಗಳು ಆ ದಾರಿಯಿಂದ ಹಾರಿ ಬೇರೆ ಕಾಯಿಯನ್ನು ಅರಸುತ್ತವೆ. ಪರಾಗ ತಲುಪಿಸಿದ ಉಪಕಾರಕ್ಕೆ ಮರ ತೆರುವ ಬಾಡಿಗೆ, ಮರಿಹುಳುಗಳ ಪಾಲಾಗುವ ಒಂದಷ್ಟು ಬೀಜ, ಅಷ್ಟೆ.

ಉತ್ತರ 2: ಎಲ್ಲ ಸಸ್ಯಗಳೂ ಹೀಗೆ ಲೆಕ್ಕ ಚುಕ್ತಾ ಮಾಡುವುದಿಲ್ಲ. ಕೆಲವು ಆರ್ಕಿಡ್‌ಗಳ ಹೂ ಹೆಣ್ಣು ದುಂಬಿಯ ರೂಪವನ್ನೂ ವಾಸನೆಯನ್ನೂ ಅನುಕರಿಸಿ, ಮರುಳಾದ ಗಂಡಿನ ಮೈಗೆ ಪರಾಗದ ಗಂಟನ್ನು ಅಂಟಿಸಿ, ಮಕರಂದದ ಹನಿಯನ್ನೂ ಕೊಡದೆ ಸಾಗಹಾಕುತ್ತದೆ.

ಉತ್ತರ 3: ಹೂವೂ ಕೀಟವೂ ಒಂದಕ್ಕೊಂದು ಹೊಂದಿಕೊಂಡಿರುವುದಕ್ಕೆ ಇನ್ನೊಂದು ನಿದರ್ಶನ: ಮಡಗಾಸ್ಕರಿನ ಆರ್ಕಿಡ್ ಒಂದರ ಸುಮಾರು 30 ಸೆಂ.ಮೀ. ಉದ್ದದ ಮಕರಂದದ ಕೊಳವೆಯನ್ನು ಕಂಡ ಡಾರ್ವಿನ್, ಅದಕ್ಕೆ ತಕ್ಕ ಹೀರುನಾಳವುಳ್ಳ ಪತಂಗ ಇರಲೇಬೇಕೆಂದು 1862ರಲ್ಲಿ ಬರೆದರು. ಅಂತಹ ಪತಂಗ 1903ರಲ್ಲಿ ದಾಖಲಾಯಿತು.