‘ಪ್ರೂಫ್‌ರೀಡಿಂಗ್’ಗೆ ಕನ್ನಡದಲ್ಲಿ ‘ಕರಡು ತಿದ್ದುವಿಕೆ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಚಿಂತಾಮಣಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿ ಬಂದವರಿಗಾಗಿ ಡಿಎನ್‌ಎ ಪಾಠದ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದೇ ಒಂದು ಪದ ವಾರದಿಂದ ನನ್ನನ್ನು ಮುಂದಕ್ಕೆ ಬಿಡುತ್ತಿಲ್ಲ.

ಜೀವಕೋಶ ಎರಡಾಗುವ ಮೊದಲು ಡಿಎನ್‌ಎಯ ಜೋಡಿ ಎಳೆಗಳು ಬಿಡಿಸಿಕೊಳ್ಳುತ್ತವೆ. ಪಾಲಿಮರೇಸ್ ಎಂಬ ಕಿಣ್ವ ಹಳೆಯ ಎಳೆಯನ್ನು ಅಚ್ಚಾಗಿಟ್ಟುಕೊಂಡು, ಒಂದೊಂದೇ ಅಕ್ಷರ ಕೂರಿಸುತ್ತಾ ಹೊಸ ಎಳೆ ಕಟ್ಟುತ್ತದೆ. ಎದುರಿಗೆ ಅಡಿನಿನ್ ಎಂಬ ಅಕ್ಷರ ಇದ್ದರೆ ಥೈಮಿನ್, ಗ್ವಾನಿನ್ ಇದ್ದರೆ ಸೈಟೊಸಿನ್. ಸುಮಾರು ಲಕ್ಷಕ್ಕೊಂದು ಅಕ್ಷರ ತಪ್ಪಾಗಿ ಕೂರುತ್ತದೆ. ಆಗ ಕಿಣ್ವ ಅಲ್ಲೇ ತಡೆದು, ಅದನ್ನು ಕಿತ್ತು, ಸರಿಯಾದದ್ದನ್ನು ಇಟ್ಟು ಮುಂದೆ ಸಾಗುತ್ತದೆ. ಇದೇ ಪ್ರೂಫ್‌ರೀಡಿಂಗ್. ‘ಕರಡು ತಿದ್ದುವಿಕೆ’ ಎಂದು ಬರೆದೆ, ಮನಸ್ಸು ಒಪ್ಪಲಿಲ್ಲ.

ಕರಡು ಎಂದರೆ ಇಡೀ ಪುಟ ಅಚ್ಚಾಗಿ ಕೈಗೆ ಬಂದಿರುತ್ತದೆ. ಅಚ್ಚಿನ ಮೊಳೆ ಜೋಡಿಸಿದವರು ಒಬ್ಬರು, ತಿದ್ದುವವರು ಇನ್ನೊಬ್ಬರು. ಪಾಲಿಮರೇಸ್ ಕೆಲಸ ಹಾಗಲ್ಲ. ಮೊನ್ನೆ ಅತ್ತೆ ಜಗಲಿಯಲ್ಲಿ ಕುಳಿತು ಕನಕಾಂಬರ ಕಟ್ಟುತ್ತಿದ್ದರು. ಬಾಡಿದ ಹೂವೊಂದು ಸೇರಿಕೊಂಡಿತು. ಬೆರಳು ತಾನಾಗಿ ನಿಂತಿತು. ಕೊನೆಯ ಸುತ್ತನ್ನಷ್ಟೇ ಸಡಿಲಿಸಿ, ಹೂ ತೆಗೆದು, ಬೇರೊಂದನ್ನಿಟ್ಟು ದಾರ ಬಿಗಿದರು. ಕಟ್ಟಿ ಮುಗಿಸಿದ್ದ ಮೊಳದ ಕಡೆ ನೋಡಲೂ ಇಲ್ಲ. ಹೀಗೆ ಮಾಡುವುದಕ್ಕೆ ಏನೆನ್ನುತ್ತೀರಿ ಎಂದು ಕೇಳಿದೆ. “ಬಿಚ್ಚಿ ಕಟ್ಟುವುದು, ಇನ್ನೇನು?” ಎಂದರು.

‘ಕರಡು ತಿದ್ದುವಿಕೆ’ ಹೊಂದುವುದು ಅದರ ಮುಂದಿನ ಹಂತಕ್ಕೆ ಎಂದು ನನ್ನ ಅನಿಸಿಕೆ. ಕಿಣ್ವ ಮುಂದೆ ಸಾಗಿದ ಮೇಲೆ ಬೇರೆ ಕಿಣ್ವಗಳು ಬಂದು, ಹೊಂದದೆ ಉಳಿದ ಜೋಡಿಗಳನ್ನು ಹುಡುಕಿ, ಹೊಸ ಎಳೆಯ ಆ ಭಾಗವನ್ನು ಕತ್ತರಿಸಿ ತೆಗೆಯುತ್ತವೆ. ತೆರವಾದ ಜಾಗ ಮತ್ತೆ ತುಂಬುತ್ತದೆ, ಕೊನೆಯ ಬಿರುಕನ್ನು ಲೈಗೇಸ್ ಎಂಬ ಕಿಣ್ವ ಬೆಸೆಯುತ್ತದೆ. ಈ ಕೆಲಸವನ್ನು ಬಿಡಿಸಿ ತೋರಿಸಿದ ಪಾಲ್ ಮಾಡ್ರಿಚ್ 2015ರ ರಸಾಯನಶಾಸ್ತ್ರ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು.

ಬಿಸಿಲಿನ ಅತಿನೇರಳೆ ಕಿರಣದಿಂದ ಅಕ್ಕಪಕ್ಕದ ಥೈಮಿನ್‌ಗಳು ಅಂಟಿಕೊಂಡಾಗ ಆಗುವ ರಿಪೇರಿಗೆ ‘ದುರಸ್ತಿ’ ಎಂದೇ ಬರೆದಿದ್ದೇನೆ. ನಮ್ಮ ಕಡೆಯ ರೈತರ ಮಕ್ಕಳಿಗೆ ಜಮೀನಿನ ದಾಖಲೆ ಸರಿಪಡಿಸುವ ‘ಪೋಡಿ ದುರಸ್ತಿ’ ಗೊತ್ತು. ಪಂಪು, ಮೋಟಾರು ಮಾತ್ರವಲ್ಲ, ದಾಖಲೆಯನ್ನು ಸರಿಪಡಿಸುವುದೂ ದುರಸ್ತಿಯೇ. ಡಿಎನ್‌ಎಯೂ ದಾಖಲೆಯೇ ಅಲ್ಲವೇ? ಆ ಪದದ ಬಗ್ಗೆ ನನಗೆ ತಕರಾರಿಲ್ಲ.

ತೊಡಕು ವೈರಸ್‌ಗಳಲ್ಲಿದೆ. ಎಚ್‌ಐವಿಯಲ್ಲಿ ಆರ್‌ಎನ್‌ಎ ನೋಡಿ ಡಿಎನ್‌ಎ ಕಟ್ಟುವ ಕಿಣ್ವಕ್ಕೆ ಬಿಚ್ಚಿ ಕಟ್ಟುವ ಗುಣವಿಲ್ಲ. ಆ ವೈರಸ್ ಬೇಗ ಬೇಗ ರೂಪ ಬದಲಿಸಲು ಇದೂ ಒಂದು ಕಾರಣ. ಕೊರೊನಾ ವೈರಸ್‌ನ ಆರ್‌ಎನ್‌ಎ ಸುಮಾರು 30,000 ಅಕ್ಷರಗಳಷ್ಟು ಉದ್ದ; ಅಲ್ಲಿ ಈ ತಪಾಸಣೆ ಇದೆ, ಆದರೆ ಕೂರಿಸುವ ಪ್ರೋಟೀನ್ ಒಂದು, ಕೀಳುವುದು ಇನ್ನೊಂದು. ಒಂದೇ ಕೈ ಕಟ್ಟುವ ಹೂಮಾಲೆಯ ಮಾತು ಅಲ್ಲಿಗೆ ಒಪ್ಪುತ್ತದೆಯೇ?

‘ಮರುಗಟ್ಟು’ ಎಂದು ಬರೆದು ನೋಡಿದೆ. ಕೈಕಾಲು ಮರಗಟ್ಟುವುದು ನೆನಪಾಗುತ್ತದೆ, ಬಿಟ್ಟೆ. ‘ಬಿಚ್ಚುಗಟ್ಟು’ ಎಂದರೆ ಸಡಿಲ ಗಂಟು ಎಂದು ಮಕ್ಕಳು ತಿಳಿದಾರು. ಮಗ್ಗದ ಕೆಲಸ ಬಲ್ಲವರು ಇಲ್ಲಿದ್ದರೆ ತಿಳಿಸಿ: ಹೊಕ್ಕಿನ ಎಳೆ ತಪ್ಪಿದ್ದು ಕಂಡ ಕೂಡಲೇ ಅದೊಂದನ್ನೇ ಹಿಂದೆಗೆದು ಮತ್ತೆ ಹಾಕುವುದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ?